ಮ್ಯಾಕರೋನಿ ಚೀಸ್ ಓವನ್‌ನಲ್ಲಿ ಎಣ್ಣೆ ಬಿಡುವುದೇಕೆ?

ಪ್ರಶ್ನೆ: ಅಮೆರಿಕದ ದಕ್ಷಿಣ ಭಾಗದಲ್ಲಿ ನಮ್ಮ ವಾಸ. ಆಫ್ರಿಕನ್ ಅಮೆರಿಕನ್ ಸ್ನೇಹಿತರ ಮನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಮ್ಯಾಕರೋನಿ ಆಂಡ್ ಚೀಸ್ ತಿಂದೆವು. ಚೌಕವಾಗಿ ಕತ್ತರಿಸಿ ಬಡಿಸುವಷ್ಟು ಗಟ್ಟಿ, ಒಳಗೆ ಮಾತ್ರ ಬೆಣ್ಣೆಯಷ್ಟು ಮೃದು. ಮನೆಯಲ್ಲಿ ಒಳ್ಳೆಯ ಚೆಡ್ಡಾರ್ ಚೀಸ್ ತಂದು ಮಾಡಿದರೆ ಮೇಲೆ ಎಣ್ಣೆ ತೇಲುತ್ತದೆ, ಕೆಳಗೆ ತರಿತರಿಯಾಗುತ್ತದೆ. ಚೀಸ್ ದುಬಾರಿಯಾದಷ್ಟೂ ಹೆಚ್ಚು ಕೆಡುತ್ತಿದೆ. ತಪ್ಪುತ್ತಿರುವುದು ಎಲ್ಲಿ?

ಉತ್ತರ: ನಿಮ್ಮ ದೂರಿನಲ್ಲಿಯೇ ಅರ್ಧ ಉತ್ತರ ಇದೆ. ದುಬಾರಿ ಚೆಡ್ಡಾರ್ ಎಂದರೆ ಸಾಮಾನ್ಯವಾಗಿ ಬಹುಕಾಲ ಮಾಗಿಸಿದ ಚೆಡ್ಡಾರ್. ಮಾಗಿದಷ್ಟೂ ಅದರ ರುಚಿ ಏರುತ್ತದೆ, ನಯವಾಗಿ ಕರಗುವ ಗುಣ ಇಳಿಯುತ್ತದೆ. ಉಳಿದ ಅರ್ಧ ಉತ್ತರ ಇರುವುದು ಚೀಸಿನಲ್ಲಲ್ಲ, ಮೊಟ್ಟೆ ಮತ್ತು ಹಾಲಿನಲ್ಲಿ. ನೀವು ತಿಂದದ್ದು ಸಾಸ್ ಸುರಿದ ಪಾಸ್ತಾ ಅಲ್ಲ. ಮೊಟ್ಟೆ ಹಾಲಿನ ಕಸ್ಟರ್ಡ್ ಒಳಗೆ ಚೀಸನ್ನೂ ಮ್ಯಾಕರೋನಿಯನ್ನೂ ಹೂತು, ಹದವಾದ ಶಾಖದಲ್ಲಿ ಹೆಪ್ಪುಗಟ್ಟಿಸಿದ ತಿನಿಸು ಅದು. ಗಿಣ್ಣು ಮಾಡಿ ಗೊತ್ತಿದ್ದವರಿಗೆ ಇದರ ಗುಟ್ಟು ಬೇಗ ಹತ್ತುತ್ತದೆ: ಹದ ಮೀರಿ ಬೆಂದರೆ ಗಿಣ್ಣಿನಲ್ಲಿ ತೂತು ಬಿದ್ದು ನೀರು ಒಸರುತ್ತದೆ. ಇಲ್ಲಿ ನೀರಿನ ಜೊತೆಗೆ ಎಣ್ಣೆಯೂ ಹೊರಬರುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ಚೀಸ್ ಒಡೆಯುವ ಬಗೆಯನ್ನು ನೋಡೋಣ. ಚೆಡ್ಡಾರ್ ಎನ್ನುವುದು ಕೇಸೀನ್ ಎಂಬ ಹಾಲಿನ ಪ್ರೊಟೀನಿನ ಜಾಲ. ಆ ಜಾಲದ ಎಳೆಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಬಿಗಿದಿರುತ್ತದೆ. ನಡುವೆ ಕೊಬ್ಬು ಮತ್ತು ನೀರು ಸಿಕ್ಕಿಕೊಂಡಿರುತ್ತವೆ. ಬಿಸಿ ತಗುಲಿದಾಗ ಮೊದಲು ಕರಗುವುದು ಕೊಬ್ಬು. ಸುಮಾರು 65 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪ್ರೊಟೀನಿನ ಎಳೆಗಳೂ ಸಡಿಲಗೊಂಡು ಚೀಸ್ ಹರಿಯತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಎಲ್ಲವೂ ಕ್ಷೇಮ. ಶಾಖ ಇನ್ನೂ ಏರಿದರೆ ಅದೇ ಎಳೆಗಳು ಮುದುಡಿ, ಒಂದಕ್ಕೊಂದು ಅಂಟಿ, ತಮ್ಮೊಳಗಿನ ಕೊಬ್ಬನ್ನೂ ನೀರನ್ನೂ ಹಿಂಡಿ ಹೊರಹಾಕುತ್ತವೆ. ನಿಮಗೆ ಕಾಣುವ ಎಣ್ಣೆ ಆ ಕೊಬ್ಬು, ಬಾಯಿಗೆ ಸಿಗುವ ತರಿ ಆ ಮುದುಡಿದ ಪ್ರೊಟೀನ್. ಒಂದು ವರ್ಷಕ್ಕೂ ಹೆಚ್ಚು ಮಾಗಿಸಿದ ಚೀಸಿನಲ್ಲಿ ಈ ಎಳೆಗಳು ಆಗಲೇ ತುಂಡುತುಂಡಾಗಿರುತ್ತವೆ, ತೇವವೂ ಕಡಿಮೆ. ಕೊಬ್ಬನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಒಮ್ಮೆ ಹೀಗೆ ಒಡೆದ ಮೇಲೆ ಎಷ್ಟು ಕಲಕಿದರೂ ಅದು ಮತ್ತೆ ಸುಲಭವಾಗಿ ಕೂಡಿಕೊಳ್ಳುವುದಿಲ್ಲ.

ಹಾಗೆಂದು ಮಾಗಿದ ಚೆಡ್ಡಾರ್ ಬಿಡಬೇಕಾಗಿಲ್ಲ. ಅದಿಲ್ಲದಿದ್ದರೆ ಈ ತಿನಿಸಿಗೆ ರುಚಿಯ ಬೆನ್ನೆಲುಬೇ ಇರುವುದಿಲ್ಲ. ದಕ್ಷಿಣದ ಅಡುಗೆಮನೆಗಳು ಇದಕ್ಕೆ ಕಂಡುಕೊಂಡ ದಾರಿ ಬೆರಕೆ. ಅಂಗಡಿಯಲ್ಲಿ ‘ಶಾರ್ಪ್’ ಎಂದು ಬರೆದ ಚೆಡ್ಡಾರ್ ರುಚಿಗೆ; ಕಾಲ್ಬಿ ಅಥವಾ ಮಾಂಟೆರೆ ಜ್ಯಾಕ್‌ನಂಥ ಎಳೆಯ, ತೇವವುಳ್ಳ ಚೀಸ್ ನಯಕ್ಕೆ. ಹಲವು ಮನೆಗಳಲ್ಲಿ ಮೂರನೆಯದೊಂದು ಚೀಸನ್ನೂ ಸೇರಿಸುತ್ತಾರೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: ವೆಲ್ವೀಟಾ ಅಥವಾ ಅಂಥದೇ ಸಂಸ್ಕರಿಸಿದ ಚೀಸ್. ಚೀಸ್ ಬಲ್ಲವರೆಂದುಕೊಂಡವರು ಮೂಗು ಮುರಿಯುವ ಈ ಪದಾರ್ಥದಲ್ಲಿ ರಸಾಯನಶಾಸ್ತ್ರದ ಅಚ್ಚುಕಟ್ಟಾದ ಕೆಲಸವಿದೆ. ಅದರಲ್ಲಿರುವ ಸಿಟ್ರೇಟ್ ಅಥವಾ ಫಾಸ್ಫೇಟ್ ಲವಣಗಳು ಕೇಸೀನಿನಿಂದ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತವೆ. ಬಿಗಿತ ಸಡಿಲಗೊಂಡ ಪ್ರೊಟೀನ್ ನೀರಿಗೂ ಕೊಬ್ಬಿಗೂ ನಡುವೆ ಹರಡಿ ಎರಡನ್ನೂ ಹಿಡಿದಿಡುತ್ತದೆ. ಜೇಮ್ಸ್ ಕ್ರಾಫ್ಟ್ 1916ರಲ್ಲಿ ಸಂಸ್ಕರಿಸಿದ ಚೀಸಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದರು. 1980ರ ದಶಕದ ಆರಂಭದಿಂದ ಅಮೆರಿಕದ ಸರಕಾರ ತನ್ನ ದಾಸ್ತಾನಿನಲ್ಲಿದ್ದ ಚೀಸನ್ನು ಬಡ ಕುಟುಂಬಗಳಿಗೆ ಹಂಚಿತು. ಜನರು ‘ಸರಕಾರಿ ಚೀಸ್’ ಎಂದೇ ಕರೆದ ಅದೂ ಇದೇ ಬಗೆಯದು. ಚೆನ್ನಾಗಿ ಕರಗುತ್ತಿತ್ತು ಎಂದು ಆ ಕಾಲದಲ್ಲಿ ಬೆಳೆದ ಅನೇಕರು ಇಂದಿಗೂ ನೆನೆಯುತ್ತಾರೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಇದನ್ನು ಓದುತ್ತಿರುವವರಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಅಮುಲ್ ಚೀಸಿನ ಗಟ್ಟಿ ಕೂಡ ಸಂಸ್ಕರಿಸಿದ ಚೀಸೇ. ಒಟ್ಟು ಚೀಸಿನ ಕಾಲು ಭಾಗ ಅದನ್ನು ಹಾಕಿ, ಮಿಕ್ಕದ್ದು ಚೆಡ್ಡಾರ್ ಹಾಕಿದರೆ ಒಡೆಯುವ ಭಯ ಬಹಳ ಕಡಿಮೆಯಾಗುತ್ತದೆ. ಉಪ್ಪನ್ನು ಮಾತ್ರ ಕೈ ಹಿಡಿದು ಹಾಕಬೇಕು.

ಇನ್ನು ಹಾಲು. ಸಾಂಪ್ರದಾಯಿಕ ಪಾಕದಲ್ಲಿ ಡಬ್ಬಿಯ ಇವಾಪೊರೇಟೆಡ್ ಹಾಲಿಗೆ ದೊಡ್ಡ ಪಾತ್ರವಿದೆ. ನೀರಿನಂಶದ ಅರ್ಧಕ್ಕಿಂತ ಹೆಚ್ಚನ್ನು ಇಂಗಿಸಿದ, ಸಕ್ಕರೆ ಹಾಕದ ಹಾಲು ಅದು. ಸಿಹಿಯಾದ ಕಂಡೆನ್ಸ್ಡ್ ಹಾಲಿನ ಡಬ್ಬಿಯನ್ನು ತಪ್ಪಿ ತೆರೆದೀರಿ, ಜೋಕೆ. ಫ್ರಿಜ್ ಇಲ್ಲದ ಕಾಲದ ಬಿಸಿಲೂರುಗಳಲ್ಲಿ ಡಬ್ಬಿಯ ಹಾಲು ಕೆಡದೆ ಉಳಿಯುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಫ್ರಿಜ್ ಇದ್ದರೂ ಆ ಡಬ್ಬಿ ಅಡುಗೆಯಿಂದ ಹೋಗಿಲ್ಲ. ಅದರಲ್ಲಿ ಪ್ರೊಟೀನ್ ದಟ್ಟವಾಗಿದೆ, ಜೊತೆಗೆ ಹಾಲು ಒಡೆಯದಿರಲೆಂದು ಸೇರಿಸಿದ ಚೂರು ಫಾಸ್ಫೇಟ್ ಕೂಡ ಇರುತ್ತದೆ. ಸಂಸ್ಕರಿಸಿದ ಚೀಸ್ ಮಾಡುವ ಕೆಲಸವನ್ನೇ ಇದೂ ಸದ್ದಿಲ್ಲದೆ ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಅದು ಸಿಗದ ಊರಿನಲ್ಲಿ ಕೆನೆಹಾಲನ್ನು ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಅರ್ಧಕ್ಕೆ ಇಂಗಿಸಿ ಆರಿಸಿಕೊಂಡರೆ ಆಯಿತು.

ಈಗ ಮಾಡುವ ವಿಧಾನ. ಎಂಟು ಅಂಗುಲದ ಚೌಕ ಪಾತ್ರೆಗೆ, ಆರು ಜನರಿಗೆ ಸಾಕಾಗುವ ಅಳತೆ ಹೇಳುತ್ತೇನೆ: ಮೊಣಕೈ ಆಕಾರದ ಮ್ಯಾಕರೋನಿ 225 ಗ್ರಾಂ, ಇವಾಪೊರೇಟೆಡ್ ಹಾಲು 354 ಮಿಲಿಲೀಟರಿನ ಒಂದು ಡಬ್ಬಿ, ಮಾಮೂಲಿ ಹಾಲು ಅರ್ಧ ಕಪ್, ಮೊಟ್ಟೆ 2, ಬೆಣ್ಣೆ 30 ಗ್ರಾಂ, ಚೀಸ್ ಒಟ್ಟು 375 ಗ್ರಾಂ. ಚೀಸಿನಲ್ಲಿ ಅರ್ಧ ಶಾರ್ಪ್ ಚೆಡ್ಡಾರ್, ಉಳಿದರ್ಧ ಎಳೆಯ ಚೀಸ್. ಉಪ್ಪು, ಕರಿಮೆಣಸಿನ ಪುಡಿ, ಅರ್ಧ ಚಮಚ ಸಾಸಿವೆ ಪುಡಿ, ಮೇಲೆ ಉದುರಿಸಲು ಪ್ಯಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ. ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ನಿಮ್ಮಿಷ್ಟ. ಜೀರಿಗೆ, ಗರಂ ಮಸಾಲೆಯ ಡಬ್ಬಿಗಳನ್ನು ದಯವಿಟ್ಟು ಇಂದು ಮುಟ್ಟಬೇಡಿ.

ಚೀಸನ್ನು ಗಟ್ಟಿಯಿಂದ ಮನೆಯಲ್ಲಿಯೇ ತುರಿಯಬೇಕು. ತುರಿದು ಪ್ಯಾಕೆಟ್‌ನಲ್ಲಿ ಮಾರುವ ಚೀಸಿಗೆ ಎಳೆಗಳು ಅಂಟದಿರಲೆಂದು ಆಲೂಗಡ್ಡೆ ಪಿಷ್ಟ ಅಥವಾ ಸೆಲ್ಯುಲೋಸ್ ಸವರಿರುತ್ತಾರೆ. ಅದರಿಂದ ನಾಲಿಗೆಗೆ ಒಂದು ಬಗೆಯ ಪುಡಿಪುಡಿ ಅನುಭವ ಬರುತ್ತದೆ. ಕೈ ನೋಯುತ್ತದೆ ನಿಜ. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ ಮನೆಯ ಮಕ್ಕಳನ್ನು ಚೀಸ್ ತುರಿಯಲು ಕೂರಿಸುವ ಪದ್ಧತಿ ಆ ಮನೆಗಳಲ್ಲಿ ಸುಮ್ಮನೆ ಬಂದಿಲ್ಲ.

ಮ್ಯಾಕರೋನಿಯನ್ನು ಧಾರಾಳ ಉಪ್ಪುನೀರಿನಲ್ಲಿ ಬೇಯಿಸಿ. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಿ, ಏಕೆಂದರೆ ಮಿಕ್ಕ ಬೇಯುವಿಕೆ ಓವನ್‌ನಲ್ಲಿ, ಹಾಲನ್ನು ಕುಡಿಯುತ್ತಾ ನಡೆಯುತ್ತದೆ. ಪೂರ್ತಿ ಬೆಂದದ್ದನ್ನು ಹಾಕಿದರೆ ಕೊನೆಯಲ್ಲಿ ಸಿಗುವುದು ಮುದ್ದೆ. ನೀರು ಬಸಿದು, ಬೆಣ್ಣೆ ಬೆರೆಸಿ, ಐದು ನಿಮಿಷ ಆರಲು ಬಿಡಿ. ಅತ್ತ ಮೊಟ್ಟೆಗಳನ್ನು ಒಡೆದು ಚೆನ್ನಾಗಿ ಕದಡಿ, ಎರಡೂ ಹಾಲು, ಉಪ್ಪು, ಮೆಣಸು, ಸಾಸಿವೆ ಪುಡಿ ಸೇರಿಸಿ. ಈ ಹಂತದಲ್ಲಿ ಒಂದು ಹನಿ ನಾಲಿಗೆಗಿಟ್ಟು ನೋಡಿದರೆ ಉಪ್ಪು ಸ್ವಲ್ಪ ಮುಂದಾಗಿಯೇ ಇರಬೇಕು. ಮ್ಯಾಕರೋನಿ ಅದನ್ನು ನುಂಗಿಬಿಡುತ್ತದೆ. ಹಸಿ ಮೊಟ್ಟೆ ಬೇಡವೆನ್ನುವವರು ಮೊಟ್ಟೆ ಸೇರಿಸುವ ಮೊದಲೇ ಹಾಲಿನ ಉಪ್ಪು ನೋಡಿಕೊಳ್ಳಲಿ.

ಪಾತ್ರೆಗೆ ಬೆಣ್ಣೆ ಸವರಿ ಅರ್ಧ ಮ್ಯಾಕರೋನಿ, ಅದರ ಮೇಲೆ ಚೀಸಿನ ಮೂರನೇ ಒಂದು ಭಾಗ, ಮತ್ತೆ ಮಿಕ್ಕ ಮ್ಯಾಕರೋನಿ, ಮತ್ತೆ ಇನ್ನೊಂದು ಭಾಗ ಚೀಸ್ ಹರಡಿ. ಹಾಲಿನ ಮಿಶ್ರಣವನ್ನು ನಿಧಾನವಾಗಿ ಎಲ್ಲ ಕಡೆ ಸುರಿಯಿರಿ. ಹಾಲು ಮ್ಯಾಕರೋನಿಯ ಮೇಲ್ಮಟ್ಟಕ್ಕೆ ಬಂದು ನಿಲ್ಲಬೇಕು. ನೋಡಲು ತೀರಾ ನೀರಾಯಿತೆಂದು ಹೆದರಿ ಹಾಲು ಉಳಿಸಿಕೊಳ್ಳುವುದೇ ಒಣಕಲು ಮ್ಯಾಕರೋನಿಗೆ ಮುಖ್ಯ ಕಾರಣ. ಕೊನೆಯ ಭಾಗ ಚೀಸನ್ನು ಈಗಲೇ ಹಾಕಬೇಡಿ.

ಓವನ್ 175 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ; ಅಮೆರಿಕದ ಓವನ್‌ನಲ್ಲಿ ಅದು 350 ಡಿಗ್ರಿ ಫ್ಯಾರನ್‌ಹೀಟ್. ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿ 25 ನಿಮಿಷ ಇಡಿ. ಆಮೇಲೆ ಹಾಳೆ ತೆಗೆದು, ಉಳಿದ ಚೀಸ್ ಹರಡಿ, ಪ್ಯಾಪ್ರಿಕಾ ಉದುರಿಸಿ, ಇನ್ನೊಂದು 12ರಿಂದ 15 ನಿಮಿಷ ಬೇಯಿಸಿ. ಅಂಚುಗಳಲ್ಲಿ ಕಂದು ಬಣ್ಣ ಬಂದು, ಪಾತ್ರೆಯನ್ನು ಅಲುಗಿಸಿದರೆ ನಡುಭಾಗ ಮಾತ್ರ ಸಣ್ಣಗೆ ನಡುಗುತ್ತಿರುವಾಗಲೇ ಹೊರತೆಗೆಯಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುವೆ 74 ಡಿಗ್ರಿ ತೋರಿಸಿದರೆ ಸಾಕು. ನಡು ಗಟ್ಟಿಯಾಗುವವರೆಗೆ ಕಾದರೆ ಅಂಚು ಆಗಲೇ ಹದ ಮೀರಿರುತ್ತದೆ. ನಿಮ್ಮ ಎಣ್ಣೆಯ ಸಮಸ್ಯೆ ಬಹುತೇಕ ಹುಟ್ಟುವುದು ಆ ಕೊನೆಯ ಹತ್ತು ನಿಮಿಷಗಳಲ್ಲಿ, ಅಥವಾ ಬೇಗ ಆಗಲೆಂದು ಓವನ್ನನ್ನು 200 ಡಿಗ್ರಿಗೆ ಏರಿಸಿದಾಗ. ಹೊರತೆಗೆದ ಮೇಲೆ ಕಾಲು ಗಂಟೆ ಮುಟ್ಟದೆ ಬಿಡಿ. ಚೌಕವಾಗಿ ಕತ್ತರಿಸಲು ಬರುವುದು ಆ ಕಾಲು ಗಂಟೆಯ ನಂತರವೇ.

ಇಷ್ಟೊಂದು ಜಾಗ್ರತೆ ಬೇಡುವ ಅಡುಗೆಗೆ ಅಷ್ಟೇ ಭಾರವಾದ ಹಿನ್ನೆಲೆಯೂ ಇದೆ. ಮ್ಯಾಕರೋನಿ ಚೀಸನ್ನು ಅಮೆರಿಕಕ್ಕೆ ತಂದವರು ಮುಂದೆ ಅಲ್ಲಿನ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಎಂಬ ಮಾತು ಅಲ್ಲಿನ ಮನೆಮಾತು. ಅದು ಪೂರ್ತಿ ನಿಜವಲ್ಲ. ಅದಕ್ಕೂ ಮೊದಲೇ ಇಂಗ್ಲೆಂಡಿನ ಅಡುಗೆ ಪುಸ್ತಕಗಳಲ್ಲಿ ಚೀಸ್ ಹಾಕಿದ ಮ್ಯಾಕರೋನಿ ಇತ್ತು. ಜೆಫರ್ಸನ್ 1784ರಲ್ಲಿ ಪ್ಯಾರಿಸ್ಸಿಗೆ ಹೋಗುವಾಗ ತಮ್ಮ ಗುಲಾಮನಾಗಿದ್ದ ಜೇಮ್ಸ್ ಹೆಮಿಂಗ್ಸ್ ಎಂಬ ತರುಣನನ್ನು ಫ್ರೆಂಚ್ ಅಡುಗೆ ಕಲಿಯಲೆಂದು ಕರೆದೊಯ್ದರು. ಜೆಫರ್ಸನ್ ಅವರ ಮೇಜಿಗೆ ಫ್ರೆಂಚ್ ರುಚಿ ಬಂದದ್ದು ಹೆಮಿಂಗ್ಸ್ ಅವರ ಕೈಯಿಂದ. ಅವರಿಗೆ ಬಿಡುಗಡೆ ಸಿಕ್ಕಿದ್ದು 1796ರಲ್ಲಿ, ತಮ್ಮ ಪೀಟರ್‌ಗೆ ಆ ವಿದ್ಯೆ ಕಲಿಸಿಕೊಟ್ಟ ಮೇಲೆ. 1801ರಲ್ಲಿ ತೀರಿಕೊಂಡರು. ಮರುವರ್ಷ ಅಧ್ಯಕ್ಷ ಜೆಫರ್ಸನ್ ಅವರ ಔತಣದಲ್ಲಿ ‘ಮ್ಯಾಕರೋನಿ ಎಂಬ ಪೈ’ ತಿಂದ ಸಂಸದ ಮನಾಸೆ ಕಟ್ಲರ್ ಅದು ತಮಗೆ ಹಿಡಿಸಲಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡರು. ವರ್ಜೀನಿಯಾದ ಮೇರಿ ರ‍್ಯಾಂಡಾಲ್ಫ್ 1824ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಮ್ಯಾಕರೋನಿ, ಚೀಸ್, ಬೆಣ್ಣೆಯನ್ನು ಪದರ ಪದರವಾಗಿಟ್ಟು ಬೇಯಿಸುವ ಕ್ರಮವಿದೆ. ದೊಡ್ಡ ಮನೆಗಳ ಒಲೆಯ ಮುಂದೆ ನಿಂತು ಇದನ್ನು ಮಾಡುತ್ತಿದ್ದವರು ಗುಲಾಮಗಿರಿಯಲ್ಲಿದ್ದ ಕಪ್ಪು ಬಾಣಸಿಗರು. ಕೊಳ್ಳಲು ದುಬಾರಿಯಾಗಿದ್ದ ಆ ತಿನಿಸು ವಿಮೋಚನೆಯ ನಂತರ ಅವರದೇ ಮನೆಗಳಲ್ಲಿ ಹಬ್ಬದ, ಭಾನುವಾರದ ಅಡುಗೆಯಾಯಿತು; ಉತ್ತರದ ನಗರಗಳಿಗೆ ವಲಸೆ ಹೋದವರ ಜೊತೆ ಅಲ್ಲಿಗೂ ಹೋಯಿತು. ಆಫ್ರಿಕನ್ ಅಮೆರಿಕನ್ನರ ಈ ಸಾಂಪ್ರದಾಯಿಕ ಅಡುಗೆಗೆ ಸೋಲ್ ಫುಡ್ ಎಂಬ ಹೆಸರು ಬಳಕೆಗೆ ಬಂದು ಹರಡಿದ್ದು 1960ರ ದಶಕದಲ್ಲಿ. 1937ರಲ್ಲಿ ಮಾರುಕಟ್ಟೆಗೆ ಬಂದ ಕ್ರಾಫ್ಟ್ ಪೊಟ್ಟಣದ ಮ್ಯಾಕರೋನಿ ವಾರದ ದಿನಗಳ ಹಸಿವಿಗೆ ಸರಿ, ಆದರೆ ಹಬ್ಬದ ಮೇಜಿನ ಮೇಲೆ ಅದನ್ನು ಇಟ್ಟು ನೋಡಿ! ಮ್ಯಾಕ್ ಆಂಡ್ ಚೀಸ್ ಯಾರು ಮಾಡಿದ್ದು ಎಂದು ಕೇಳಿಕೊಂಡೇ ತಟ್ಟೆಗೆ ಬಡಿಸಿಕೊಳ್ಳುವ ಜನ ಅವರು. ಹೊಸದಾಗಿ ಮನೆಗೆ ಬಂದವರಿಗೆ ಆ ಕೆಲಸ ಬೇಗನೆ ಸಿಗುವುದಿಲ್ಲ.

ಮೇಲೆ ಬ್ರೆಡ್ ಪುಡಿ ಉದುರಿಸಬಹುದೇ ಎಂದು ಕೇಳುವವರೂ ಇದ್ದಾರೆ. ಸೋಲ್ ಫುಡ್ ಮನೆಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ನಗು. ಗರಿಗರಿಯಾಗಬೇಕಾದದ್ದು ಚೀಸೇ, ಅದರಲ್ಲೂ ಮೂಲೆಯ ತುಂಡಿಗೆ ಜಗಳ. ನನ್ನ ಮತವೂ ಅದೇ ಕಡೆ.

ಸಸ್ಯಾಹಾರಿಗಳಿಗೆ ಒಂದು ಮಾತು. ದಕ್ಷಿಣದ ಊಟದ ಹೋಟೆಲುಗಳಲ್ಲಿ ಒಂದು ಮಾಂಸ, ಮೂರು ‘ತರಕಾರಿ’ ಆಯ್ದುಕೊಳ್ಳುವ ಪದ್ಧತಿಯಿದೆ, ಆ ತರಕಾರಿಗಳ ಪಟ್ಟಿಯಲ್ಲಿ ಮ್ಯಾಕರೋನಿ ಚೀಸ್ ಕೂಡ ಇರುತ್ತದೆ. ತಮಾಷೆಯೆಂದರೆ ಅದೇ ಪಟ್ಟಿಯಲ್ಲಿರುವ ಸೊಪ್ಪಿನ ಪಲ್ಯವನ್ನು ಹಂದಿಮಾಂಸ ಹಾಕಿ ಬೇಯಿಸಿರುವುದೇ ಹೆಚ್ಚು. ಹಾಗಾಗಿ ನಿಜವಾದ ಸೊಪ್ಪಿಗಿಂತ ಈ ಹುಸಿ ತರಕಾರಿಯೇ ನಿಮಗೆ ವಾಸಿ, ಆದರೆ ಮೊಟ್ಟೆ ಇರಬಹುದು. ಕೆಲವು ಚೀಸುಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ, ಕರುವಿನ ಜಠರದಿಂದ ತೆಗೆದ ರೆನೆಟ್ ಕೂಡ ಇರುತ್ತದೆ. ಕೇಳಿ ತಿನ್ನಿ.

ಮೊಟ್ಟೆಯಿಲ್ಲದೆ ಮನೆಯಲ್ಲಿ ಮಾಡುವುದಾದರೆ ಎರಡು ದೊಡ್ಡ ಚಮಚ ಬೆಣ್ಣೆಯಲ್ಲಿ ಎರಡು ದೊಡ್ಡ ಚಮಚ ಮೈದಾ ಹುರಿದು, ಅದೇ ಹಾಲುಗಳನ್ನು ಸುರಿದು ಗಂಟಿಲ್ಲದಂತೆ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಚೀಸ್ ಬೆರೆಸಿ. ಮೈದಾದ ಪಿಷ್ಟ ಪ್ರೊಟೀನಿನ ಎಳೆಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ, ಎಣ್ಣೆ ಬಿಡುವ ಅಪಾಯ ಇದರಲ್ಲಿ ಇನ್ನೂ ಕಡಿಮೆ. ರುಚಿಗೆ ಕೊರತೆಯಿಲ್ಲ. ಆದರೆ ನಿಮ್ಮ ಸ್ನೇಹಿತರ ಮನೆಯ ಚೌಕದ ತುಂಡು ಇದರಿಂದ ಬರುವುದಿಲ್ಲ, ಸೌಟಿನಿಂದಲೇ ಬಡಿಸಬೇಕು. ಮೇರಿ ರ‍್ಯಾಂಡಾಲ್ಫ್ ಅವರ ಕ್ರಮದಲ್ಲಿಯೂ ಮೊಟ್ಟೆಯಿಲ್ಲ ಎನ್ನುವುದು ನಿಮ್ಮ ಪರವಾದ ವಾದಕ್ಕೆ ಬೇಕಾದರೆ ಇರಲಿ.

ಮಿಕ್ಕಿದ್ದನ್ನು ಮರುದಿನ ಬಿಸಿ ಮಾಡುವಾಗಲೂ ಎಣ್ಣೆ ಬಿಡುತ್ತದೆ, ಕಾರಣ ಅದೇ. ಮೈಕ್ರೋವೇವ್‌ನ ಪೂರ್ತಿ ಶಕ್ತಿಯಲ್ಲಿ ಇಟ್ಟರೆ ಅಲ್ಲಲ್ಲಿ ಹದ ಮೀರಿ ಬೆಂದು ಚೀಸ್ ಒಡೆಯುತ್ತದೆ. ತುಂಡಿನ ಮೇಲೆ ಒಂದೆರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, ಓವನ್‌ನಲ್ಲಿ 150 ಡಿಗ್ರಿಯಲ್ಲಿ 20 ನಿಮಿಷ ಇಡಿ. ಮೈಕ್ರೋವೇವ್ ಬಿಟ್ಟರೆ ಗತಿಯಿಲ್ಲವೆಂದರೆ ಅರ್ಧ ಶಕ್ತಿಯಲ್ಲಿ, ನಡುನಡುವೆ ನಿಲ್ಲಿಸುತ್ತಾ ಬಿಸಿ ಮಾಡಿ.