ಉಕ್ಕಿನ ಊರು ಕಥೆಗಾರರನ್ನು ಹುಡುಕಿದ ಬಗೆ

ಅಮೆರಿಕದ ಪಿಟ್ಸ್‌ಬರ್ಗ್ ಎಂದರೆ ಉಕ್ಕು ಎಂದಷ್ಟೇ ಬಹಳ ಮಂದಿಗೆ ಗೊತ್ತು. ಆದರೆ ಸಿನಿಮಾಕ್ಕೂ ಆ ಊರಿಗೂ ಹಳೆಯ ನಂಟಿದೆ. ಅಲ್ಲಿನ ಸಂಸ್ಥೆಯೊಂದು ನಡೆಸಿದ ಕಿರುಚಿತ್ರ ಸ್ಪರ್ಧೆಯ ಬೆಲೆ ತಿಳಿಯಲು ಮೊದಲು ಆ ನಂಟನ್ನು ನೋಡಬೇಕು. 1905ರ ಜೂನ್‌ನಲ್ಲಿ ಹ್ಯಾರಿ ಡೇವಿಸ್, ಜಾನ್ ಹ್ಯಾರಿಸ್ ಎಂಬ ಭಾವ–ಮೈದುನರು ಅಲ್ಲಿನ ಸ್ಮಿತ್‌ಫೀಲ್ಡ್ ಬೀದಿಯ ಮಳಿಗೆಯೊಂದರಲ್ಲಿ ಪರದೆ ಕಟ್ಟಿ, ಐದು ಸೆಂಟ್‌ಗೆ ಒಬ್ಬರಂತೆ ಜನರನ್ನು ಒಳಗೆ ಬಿಟ್ಟರು. ನಿಕಲೋಡಿಯನ್ ಎಂದು ಹೆಸರಾದ ಅಗ್ಗದ ಚಿತ್ರಮಂದಿರಗಳು ಅಮೆರಿಕದ ಊರೂರಿಗೂ ಹಬ್ಬಿದ್ದು ಅಲ್ಲಿಂದಲೇ. ಮುಂದೆ ಹಾಲಿವುಡ್‌ನ ದೊಡ್ಡ ಸ್ಟುಡಿಯೊ ಕಟ್ಟಿದ ವಾರ್ನರ್ ಸಹೋದರರು ಕೂಡ ತಮ್ಮ ಮೊದಲ ಚಿತ್ರಮಂದಿರ ತೆರೆದದ್ದು ಪಿಟ್ಸ್‌ಬರ್ಗ್‌ಗೆ ಹತ್ತಿರದ ನ್ಯೂ ಕ್ಯಾಸಲ್‌ನಲ್ಲಿ. ಆಮೇಲೆ ಉದ್ಯಮವೆಲ್ಲ ಕ್ಯಾಲಿಫೋರ್ನಿಯಾ ಸೇರಿತು. ಸಿನಿಮಾ ನೋಡುವ ಊರಾಗಿ ಪಿಟ್ಸ್‌ಬರ್ಗ್ ಉಳಿಯಿತೇ ಹೊರತು ಮಾಡುವ ಊರಾಗಿ ಅಲ್ಲ.

ಇದನ್ನು ಮೊದಲು ಬದಲಿಸಿದವರು ನಿರ್ದೇಶಕ ಜಾರ್ಜ್ ರೊಮೆರೊ. ಅವರೂ ಗೆಳೆಯರೂ ಸೇರಿ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರಗಳ ಪುಟ್ಟ ಕಂಪನಿ ನಡೆಸುತ್ತಿದ್ದರು. 1967ರಲ್ಲಿ ಹತ್ತು ಜನ ತಲಾ 600 ಡಾಲರ್ ಹಾಕಿ ಒಂದು ದೆವ್ವದ ಸಿನಿಮಾಕ್ಕೆ ಕೈಹಾಕಿದರು. ಊರಾಚೆ, ಇವಾನ್ಸ್ ಸಿಟಿಯ ಹತ್ತಿರದ ಹಳೇ ಮನೆಯೊಂದರಲ್ಲಿ ಶೂಟಿಂಗ್. ಕಪ್ಪು–ಬಿಳುಪು ಚಿತ್ರವಾದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯಿತು. ಹಣ ಹೂಡಿದವರೇ ಬಣ್ಣ ಹಚ್ಚಿಕೊಂಡು ಪಾತ್ರ ಮಾಡಿದರು. ಒಟ್ಟು ಖರ್ಚು ಸುಮಾರು 1,14,000 ಡಾಲರ್. 1968ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲೇ ಬಿಡುಗಡೆಯಾದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಲೋಕವೆಲ್ಲ ಸುತ್ತಿತು. ಆದರೆ ವಿತರಕರು ಶೀರ್ಷಿಕೆ ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಆಗಿನ ಕಾನೂನಿನಂತೆ ಆ ಒಂದು ಸಾಲು ಇಲ್ಲದಿದ್ದರೆ ಚಿತ್ರ ಸಾರ್ವಜನಿಕರ ಸ್ವತ್ತು. ಹೀಗಾಗಿ ಯಾರು ಬೇಕಾದರೂ ಅದನ್ನು ತೋರಿಸಿ ದುಡ್ಡು ಮಾಡಿಕೊಂಡರು. ಮಾಡಿದವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಸಲ್ಲಲಿಲ್ಲ. ಇಷ್ಟಾದರೂ ರೊಮೆರೊ ಪಿಟ್ಸ್‌ಬರ್ಗ್ ಬಿಡದೆ ದಶಕಗಳ ಕಾಲ ಅಲ್ಲೇ ಸಿನಿಮಾ ಮಾಡಿದರು. ಆ ಸೆಟ್ಟುಗಳಲ್ಲಿ ಕೆಲಸ ಕಲಿತ ಮೇಕಪ್‌ನವರು, ಕ್ಯಾಮೆರಾದವರು, ಲೈಟಿನವರು ಊರಿನಲ್ಲೇ ಒಂದು ಪಡೆಯಾಗಿ ಬೆಳೆದರು.

ಇತ್ತ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದವು. ಹೋಮ್‌ಸ್ಟೆಡ್‌ನ ದೈತ್ಯ ಕಾರ್ಖಾನೆ 1986ರಲ್ಲಿ ನಿಂತುಹೋಯಿತು. ಕೆಲಸ ಹುಡುಕಿಕೊಂಡು ಯುವಜನ ಊರು ಬಿಟ್ಟರು. ಅಂಥ ಹೊತ್ತಿನಲ್ಲಿ, 1990ರಲ್ಲಿ, ಹೊರಗಿನ ನಿರ್ಮಾಪಕರನ್ನು ಕರೆತರಲೆಂದೇ ಪಿಟ್ಸ್‌ಬರ್ಗ್ ಫಿಲ್ಮ್ ಆಫೀಸ್ ಶುರುವಾಯಿತು. 2007ರಲ್ಲಿ ಪಿಟ್ಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಸರ್ಕಾರ ತೆರಿಗೆ ರಿಯಾಯಿತಿ ಘೋಷಿಸಿತು: ನಿರ್ಮಾಣ ವೆಚ್ಚದ ಶೇ 60ರಷ್ಟನ್ನು ಅಲ್ಲೇ ಖರ್ಚು ಮಾಡಿದರೆ ಆ ಖರ್ಚಿನ ಶೇ 25ರಷ್ಟು ರಿಯಾಯಿತಿ. ವರ್ಷಕ್ಕೆ 7.5 ಕೋಟಿ ಡಾಲರ್ ಇದಕ್ಕೆಂದು ಮೀಸಲಾಯಿತು. ಹಾಲಿವುಡ್ ಬಂತು. 2011ರ ಬೇಸಿಗೆಯಲ್ಲಿ ಬ್ಯಾಟ್‌ಮನ್ ಚಿತ್ರಕ್ಕಾಗಿ ಪಿಟ್ಸ್‌ಬರ್ಗ್‌ನ ಬೀದಿಗಳು ಗಾಥಮ್ ನಗರವಾದವು.

ಸಮಸ್ಯೆ ಇರುವುದು ಇಲ್ಲಿಯೇ. ಹೊರಗಿನ ಯೂನಿಟ್ ಬಂದಾಗ ಹೋಟೆಲ್ ತುಂಬುತ್ತದೆ, ಬಡಗಿಗೆ ಕೆಲಸ ಸಿಗುತ್ತದೆ, ಬಾಡಿಗೆ ವಾಹನ ಓಡುತ್ತದೆ. ಕಥೆ ಬರೆದವರು, ನಿರ್ದೇಶಿಸುವವರು, ಲಾಭ ಎಣಿಸುವವರು ಮಾತ್ರ ಬೇರೆ ಕಡೆಯವರು. ನಮ್ಮ ರಾಮನಗರದ ಬಂಡೆಗಳ ನಡುವೆ 70ರ ದಶಕದಲ್ಲಿ ‘ಶೋಲೆ’ ಚಿತ್ರೀಕರಣವಾಯಿತಲ್ಲ, ಆ ಬೆಟ್ಟ ದೇಶಕ್ಕೆಲ್ಲ ಪರಿಚಯವಾಯಿತು. ಆದರೆ ರಾಮನಗರದಲ್ಲೊಂದು ಚಿತ್ರೋದ್ಯಮ ಹುಟ್ಟಲಿಲ್ಲ. ಮೇಲಾಗಿ ರಿಯಾಯಿತಿ ಸರ್ಕಾರದ ಕೈಯಲ್ಲಿರುವಂಥದ್ದು. 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ಪೆನ್ಸಿಲ್ವೇನಿಯಾ ಆ ಮೊತ್ತವನ್ನು 4.2 ಕೋಟಿ ಡಾಲರ್‌ಗೆ ಇಳಿಸಿತು. ಬೇರೆ ರಾಜ್ಯ ಹೆಚ್ಚು ಕೊಡುತ್ತೇನೆಂದರೆ ಯೂನಿಟ್ ಅತ್ತ ಹೊರಡುತ್ತದೆ. ನೆಚ್ಚಿಕೊಂಡು ಸಾಲ ಮಾಡಿ ಉಪಕರಣ ಕೊಂಡವನ ಗತಿ?

ಈ ಕೊರತೆಯನ್ನು ಬೇರೆ ತುದಿಯಿಂದ ನೋಡಿದ್ದು ‘ಸ್ಟೀಲ್‌ಟೌನ್ ಎಂಟರ್‌ಟೇನ್‌ಮೆಂಟ್ ಪ್ರಾಜೆಕ್ಟ್’ ಎಂಬ ಲಾಭರಹಿತ ಸಂಸ್ಥೆ. 2003ರಲ್ಲಿ ಇದನ್ನು ಕಟ್ಟಿದವರು ಎಲೆನ್ ವೈಸ್ ಕ್ಯಾಂಡರ್ ಮತ್ತು ಕಾರ್ಲ್ ಕುರ್ಲ್ಯಾಂಡರ್. ಕುರ್ಲ್ಯಾಂಡರ್ ಹಾಲಿವುಡ್‌ನಲ್ಲಿ ಚಿತ್ರಕಥೆಗಾರರಾಗಿದ್ದು, ಊರಿಗೆ ಮರಳಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ ಲಾಸ್ ಏಂಜಲೀಸ್ ಸೇರಿದ ನಟರು, ಬರಹಗಾರರು, ನಿರ್ಮಾಪಕರು ಎಷ್ಟೋ ಮಂದಿ. ಅವರನ್ನೆಲ್ಲ ಹುಟ್ಟೂರಿನ ಜೊತೆ ಮತ್ತೆ ಬೆಸೆಯಬೇಕೆಂಬುದು ಮೊದಲ ಆಲೋಚನೆ. ಅದೇ ಆಲೋಚನೆ ಬೆಳೆದು ‘ಫಿಲ್ಮ್ ಫ್ಯಾಕ್ಟರಿ’ ಸ್ಪರ್ಧೆಯಾಯಿತು.

ಸ್ಪರ್ಧೆಗೆ ಕಳಿಸಬೇಕಿದ್ದದ್ದು ಕಿರುಚಿತ್ರದ ಚಿತ್ರಕಥೆ. ಅದನ್ನು ನೈಋತ್ಯ ಪೆನ್ಸಿಲ್ವೇನಿಯಾದಲ್ಲೇ ಚಿತ್ರೀಕರಿಸುವಂತಿರಬೇಕಿತ್ತು. ಗೆದ್ದ ಕಥೆಗೆ 30,000 ಡಾಲರ್‌ವರೆಗೆ ನಿರ್ಮಾಣದ ಹಣ ಸಿಗುತ್ತಿತ್ತು. ಈ ಕೊನೆಯ ಮಾತನ್ನು ಗಮನಿಸಬೇಕು. ಇದು ಬರಹಗಾರನ ಜೇಬಿಗೆ ಹೋಗುವ ಬಹುಮಾನವಾಗಿರಲಿಲ್ಲ, ಸಿನಿಮಾ ಮಾಡಲು ಕೊಡುತ್ತಿದ್ದ ದುಡ್ಡು. ಅಂದರೆ ಅದು ಊರಿನ ಕ್ಯಾಮೆರಾ ಬಾಡಿಗೆಗೆ, ಸೌಂಡಿನವರ ಸಂಬಳಕ್ಕೆ, ಸಂಕಲನಕಾರರ ಮೇಜಿಗೆ, ಸೆಟ್ಟಿನ ಊಟಕ್ಕೆ ಹಂಚಿಹೋಗುತ್ತಿತ್ತು. ಒಂದು ಕಥೆ ಗೆದ್ದರೆ ಹತ್ತಾರು ಜನರಿಗೆ ಕೆಲಸ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆಯ್ಕೆ ನಡೆಯುತ್ತಿದ್ದ ರೀತಿ. ಮುಚ್ಚಿದ ಕೋಣೆಯಲ್ಲಿ ತೀರ್ಪುಗಾರರು ಅಂಕ ಹಾಕಿ ಹೆಸರು ಪ್ರಕಟಿಸಿಬಿಡುವ ಪದ್ಧತಿ ಇಲ್ಲಿರಲಿಲ್ಲ. ಬರೆದವರು ವೇದಿಕೆಗೆ ಬಂದು ಜನರೆದುರು ಕಥೆ ಒಪ್ಪಿಸಬೇಕಿತ್ತು. ಕೊನೆಯ ಹಂತಕ್ಕೆ ಬಂದ ಚಿತ್ರಕಥೆಗಳನ್ನು ನಟರು ಗಟ್ಟಿಯಾಗಿ ಓದುತ್ತಿದ್ದರು. ಹಾಲಿವುಡ್‌ನಲ್ಲಿ ಪಳಗಿದ ಪಿಟ್ಸ್‌ಬರ್ಗ್ ಮೂಲದವರು ಅಲ್ಲೇ ಕುಳಿತು ತಪ್ಪು–ಒಪ್ಪು ಹೇಳುತ್ತಿದ್ದರು. ಕಾಗದದ ಮೇಲೆ ಚೆಂದ ಕಾಣುವ ಸಂಭಾಷಣೆ ನಟನ ಬಾಯಲ್ಲಿ ಸಪ್ಪೆಯಾಗುವುದು, ನಗೆಯುಕ್ಕಬೇಕಾದ ಕಡೆ ಸಭೆ ಸುಮ್ಮನಿರುವುದು ಬರೆದವನಿಗೆ ತಕ್ಷಣ ತಿಳಿಯುತ್ತಿತ್ತು. ಸಭೆಯಲ್ಲಿ ಕುಳಿತ ಕಾಲೇಜು ಹುಡುಗಿಗೂ ತಿಳಿಯುತ್ತಿತ್ತು. ಸೋತವರು ಕೂಡ ತಿದ್ದಿದ ಪ್ರತಿಯೊಂದಿಗೆ ಮನೆಗೆ ಹೋಗಬಹುದಿತ್ತು. ಚಿತ್ರಕಥೆ ತಿದ್ದುವ ಈ ಕೆಲಸ ಸಾಮಾನ್ಯವಾಗಿ ನಿರ್ಮಾಪಕರ ಕಚೇರಿಯೊಳಗೇ ಮುಗಿದುಹೋಗುತ್ತದೆ. ಅದನ್ನು ಊರಿನ ಕಣ್ಣೆದುರು ತಂದದ್ದೇ ಈ ಸ್ಪರ್ಧೆಯ ನಿಜವಾದ ಕೊಡುಗೆ ಎಂಬುದು ನನ್ನ ಎಣಿಕೆ.

ಕನ್ನಡಿಗರಿಗೆ ಇದರ ಬೆಲೆ ಬೇಗ ಅರ್ಥವಾದೀತು. ನಮ್ಮ ಚಿತ್ರಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದ ಕಾಲವಿತ್ತು. ಅಲ್ಲಿಂದ ಇಲ್ಲಿಗೆ ಬರಲು ಸರ್ಕಾರದ ಸಹಾಯಧನ ನೆರವಾಯಿತು, ನಿಜ. ಆದರೆ ಬರೀ ಸಹಾಯಧನ ಸಾಲುತ್ತಿರಲಿಲ್ಲ. ಕಾದಂಬರಿ, ನಾಟಕ, ರಂಗಭೂಮಿಯ ನಟರು, ಎಲ್ಲವೂ ಕನ್ನಡದಲ್ಲಿ ಮೊದಲೇ ಇದ್ದವು.

ಪಿಟ್ಸ್‌ಬರ್ಗ್‌ನಲ್ಲೂ ಕಥೆಗೆ ಬರವಿರಲಿಲ್ಲ. ಜೋನಾಸ್ ಸಾಕ್ ಪೋಲಿಯೊ ಲಸಿಕೆ ಕಂಡುಹಿಡಿದದ್ದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ. ಸ್ಟೀಲ್‌ಟೌನ್ ಸಂಸ್ಥೆ ಅದರ ಬಗ್ಗೆ ಸಾಕ್ಷ್ಯಚಿತ್ರವನ್ನೂ ಮಾಡಿತು. ಅಲ್ಲಿನ ಹಿಲ್ ಡಿಸ್ಟ್ರಿಕ್ಟ್‌ನಲ್ಲಿ ಹುಟ್ಟಿದ ನಾಟಕಕಾರ ಆಗಸ್ಟ್ ವಿಲ್ಸನ್ ಆ ಕಪ್ಪುಜನರ ಬಡಾವಣೆಯ ಬದುಕನ್ನೇ ಬರೆದು ಎರಡು ಸಲ ಪುಲಿಟ್ಜರ್ ಪ್ರಶಸ್ತಿ ಪಡೆದರು. ಅವರ ‘ಫೆನ್ಸಸ್’ ನಾಟಕವನ್ನು ಡೆಂಜೆಲ್ ವಾಷಿಂಗ್ಟನ್ 2016ರಲ್ಲಿ ಸಿನಿಮಾ ಮಾಡಿದಾಗ ಚಿತ್ರೀಕರಣ ನಡೆದದ್ದು ಅದೇ ಬಡಾವಣೆಯಲ್ಲಿ. ಅಷ್ಟು ಹೊತ್ತಿಗೆ ವಿಲ್ಸನ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವರು ಪಿಟ್ಸ್‌ಬರ್ಗ್ ಬಿಟ್ಟದ್ದು 1978ರಲ್ಲಿ. ಅಂಥ ಬರಹಗಾರನೊಬ್ಬ ಇಂದು ಅದೇ ಬಡಾವಣೆಯಲ್ಲಿ ಕೂತು ಬರೆಯುತ್ತಿದ್ದರೆ, ಅವನ ಹಸ್ತಪ್ರತಿಯನ್ನು ಊರಿನಲ್ಲೇ ಯಾರಾದರೂ ಓದಬೇಕು, ಊರಿನಲ್ಲೇ ಅದಕ್ಕೆ ಕ್ಯಾಮೆರಾ ಸಿಗಬೇಕು. 30,000 ಡಾಲರ್‌ನ ಕಿರುಚಿತ್ರ ಸ್ಪರ್ಧೆ ಕೈಹಾಕಿದ್ದು ಆ ಕೆಲಸಕ್ಕೆ.