ಎಕ್ಸೆಲ್ ಇರುವಾಗ ಡೇಟಾಬೇಸ್ ಏಕೆ ಬೇಕು?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿದೆ. ಡೇಟಾಬೇಸ್‌ನಲ್ಲಿರುವುದೂ ಕೋಷ್ಟಕಗಳೇ ತಾನೆ? ಮತ್ತೆ ಅದರ ಅಗತ್ಯವೇನು?

ಉತ್ತರ: ಕೋಷ್ಟಕಗಳೇ, ನಿಜ. ಆದರೆ ಎಕ್ಸೆಲ್ ಹಾಳೆ ನೀವು ಬರೆದದ್ದನ್ನೆಲ್ಲ ಸುಮ್ಮನೆ ಇಟ್ಟುಕೊಳ್ಳುತ್ತದೆ. ಡೇಟಾಬೇಸ್‌ಗೆ ಯಾವ ಯಾವ ಸಂಗತಿಗಳಿವೆ, ಅವುಗಳ ನಡುವಿನ ಸಂಬಂಧವೇನು, ಯಾವುದಕ್ಕೆ ಅವಕಾಶವಿಲ್ಲ ಎಂಬುದನ್ನು ಮೊದಲೇ ತಿಳಿಸಬೇಕು. ಹೀಗೆ ತಿಳಿಸುವ ಚೌಕಟ್ಟೇ ಡೇಟಾ ಮಾಡೆಲ್.

ನಿಮ್ಮ ಸಂಘವನ್ನೇ ನೋಡೋಣ. 200 ಸದಸ್ಯರು ಎರಡು ಹೊತ್ತು ಹಾಲು ಹಾಕಿದರೆ ದಿನಕ್ಕೆ 400 ಸಾಲು, ವರ್ಷಕ್ಕೆ 1,46,000. ಪ್ರತಿ ಸಾಲಿನಲ್ಲೂ ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ), ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಇವೆ ಎಂದುಕೊಳ್ಳಿ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 2021ರ ಜುಲೈ 1ರಿಂದ ಅದರ ಹಳೆಯ ಐಎಫ್‌ಎಸ್‌ಸಿ ನಡೆಯದಾಯಿತು. ಆಗ ಒಂದೇ ಶಾಖೆಯ ಸಂಕೇತವನ್ನು ಸಾವಿರಾರು ಸಾಲುಗಳಲ್ಲಿ ತಿದ್ದಬೇಕಾಗುತ್ತದೆ. ಎಕ್ಸೆಲ್‌ನಲ್ಲಿ ಹುಡುಕಿ ಬದಲಿಸುವ ಸೌಲಭ್ಯವಿದೆ ಎನ್ನಬಹುದು. ಆದರೆ ಎಲ್ಲೋ ಒಂದು ಅಕ್ಷರ ತಪ್ಪಿದ್ದ ಸಾಲು ಅದರ ಕೈಗೆ ಸಿಗುವುದಿಲ್ಲ, ಆ ಸದಸ್ಯರ ಬಟವಾಡೆ ನಿಲ್ಲುತ್ತದೆ.

ಡೇಟಾಬೇಸ್‌ನಲ್ಲಿ ಇದೇ ವಿವರವನ್ನು ಮೂರು ಕೋಷ್ಟಕಗಳಾಗಿ ಬಿಡಿಸುತ್ತಾರೆ: ಸದಸ್ಯರು, ಹಾಲು, ಬ್ಯಾಂಕ್ ಶಾಖೆ. ಹಾಲಿನ ಸಾಲಿನಲ್ಲಿ ಸದಸ್ಯತ್ವ ಸಂಖ್ಯೆ ಮಾತ್ರ, ಸದಸ್ಯರ ಸಾಲಿನಲ್ಲಿ ಶಾಖೆಯ ಸಂಖ್ಯೆ ಮಾತ್ರ. ಐಎಫ್‌ಎಸ್‌ಸಿ ಇರುವುದು ಒಂದೇ ಕಡೆ, ತಿದ್ದುವುದೂ ಒಂದೇ ಸಲ. ಊರಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರೂ ಒಬ್ಬರ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಹೋಗುವ ಭಯ ಕಡಿಮೆ. ಇಲ್ಲದ ಸದಸ್ಯತ್ವ ಸಂಖ್ಯೆಯನ್ನು ನಮೂದಿಸಲು ಹೋದರೆ ಡೇಟಾಬೇಸ್ ಒಪ್ಪುವುದೇ ಇಲ್ಲ.

ನಿಜವಾದ ಕೆಲಸ ಇರುವುದು ನಿಯಮಗಳನ್ನು ನಿರ್ಧರಿಸುವಲ್ಲಿ. ‘ಒಬ್ಬ ಸದಸ್ಯರಿಗೆ ಒಂದು ಹೊತ್ತಿಗೆ ಒಂದೇ ನಮೂದು’ ಎಂಬ ನಿಯಮ ಸರಿಯಾಗಿಯೇ ಕಾಣುತ್ತದೆ. ಹಸುವಿನ ಹಾಲನ್ನೂ ಎಮ್ಮೆ ಹಾಲನ್ನೂ ಬೇರೆ ಬೇರೆ ಕ್ಯಾನಿನಲ್ಲಿ ತರುವವರಿದ್ದರೆ? ಆಗ ಹಾಲಿನ ಬಗೆಯೂ ನಿಯಮದೊಳಗೆ ಬರಬೇಕು. ಇದನ್ನು ಸಾಫ್ಟ್‌ವೇರ್ ಬರೆಯುವವರು ಊಹಿಸಿ ಬರೆಯಬಾರದು, ಸಂಘದ ಕಾರ್ಯದರ್ಶಿಯನ್ನೇ ಕೇಳಬೇಕು. ಒಳ್ಳೆಯ ಡೇಟಾ ಮಾಡೆಲ್ ಇಂಥ ಪ್ರಶ್ನೆಗಳಿಂದಲೇ ಹುಟ್ಟುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಹೀಗೆ ಕೋಷ್ಟಕಗಳನ್ನು ಸಂಬಂಧಗಳಿಂದ ಜೋಡಿಸುವ ವಿಧಾನವನ್ನು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರ ಪ್ರಬಂಧವೊಂದರಲ್ಲಿ ಮಂಡಿಸಿದರು. ಅದಕ್ಕೂ ಮೊದಲು, ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸಿದ ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕಕ್ಕಾಗಿ ರೂಪುಗೊಂಡ ಐಎಂಎಸ್ ಎಂಬ ಡೇಟಾಬೇಸ್‌ನಲ್ಲಿ ವಿವರಗಳು ವಂಶವೃಕ್ಷದಂತೆ ಮೇಲಿನಿಂದ ಕೆಳಗೆ ಕವಲೊಡೆಯುತ್ತಿದ್ದವು. ಬೇಕಾದದ್ದನ್ನು ತಲುಪುವ ದಾರಿಯನ್ನು ಪ್ರೋಗ್ರಾಮ್ ಬರೆಯುವವರೇ ತೋರಿಸಬೇಕಿತ್ತು. ಕಾಡ್ ಅವರ ಮಾದರಿಯಲ್ಲಿ ಏನು ಬೇಕೆಂದು ಕೇಳಿದರೆ ಸಾಕು, ದಾರಿ ಹುಡುಕುವುದು ಡೇಟಾಬೇಸ್‌ನ ಹೊಣೆ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ, 1974ರಲ್ಲಿ ಪ್ರಕಟವಾದ ಮೊದಲ ರೂಪ ಬೆಳೆದದ್ದು ಇದೇ ನೆಲೆಯಲ್ಲಿ.

ಇನ್ನೊಂದು ಅನುಕೂಲ ವಹಿವಾಟಿನದು. ಪಶು ಆಹಾರದ ಬಾಬ್ತು ಕಡಿತವಾಗಿ, ಉಳಿದ ಹಣ ಜಮೆಯಾಗುವ ಮುನ್ನ ಕರೆಂಟ್ ಹೋದರೆ, ಡೇಟಾಬೇಸ್ ಆ ಅರೆಬರೆ ಕೆಲಸವನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ.

ಹಾಳೆಯ ಮಿತಿಯೂ ಸಣ್ಣ ಸಂಗತಿಯಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ದಿನದ ವರದಿಗೆ ಸೇರದೆ ಹೋದವು. ಅಲ್ಲಿ ಬಳಸಿದ ಹಳೆಯ ಎಕ್ಸೆಲ್ ಕಡತಕ್ಕೆ 65,536 ಸಾಲುಗಳಷ್ಟೇ ಹಿಡಿಯುತ್ತಿದ್ದವು. ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಎಚ್ಚರಿಕೆ ತಡವಾಗಿ ತಲುಪಿತು.

ನಲವತ್ತು ಸದಸ್ಯರ ಸಂಘ, ಲೆಕ್ಕ ಬರೆಯುವವರು ಒಬ್ಬರೇ ಎಂದಾದರೆ ಎಕ್ಸೆಲ್‌ನಲ್ಲೇ ಮುಂದುವರಿಯಿರಿ. ಸದಸ್ಯರ ವಿವರವನ್ನು ಮಾತ್ರ ಇಂದೇ ಬೇರೆ ಹಾಳೆಗೆ ತೆಗೆದು, ಪ್ರತಿಯೊಬ್ಬರಿಗೂ ಬದಲಾಗದ ಒಂದು ಸಂಖ್ಯೆ ಕೊಡಿ. ಮುಂದೆ ಡೇಟಾಬೇಸ್‌ಗೆ ಹೋಗುವಾಗ ಅರ್ಧ ಕೆಲಸ ಆಗಿರುತ್ತದೆ.