ಟಿವಿ ಸುಳ್ಳು ಹೇಳದೆಯೂ ದಾರಿ ತಪ್ಪಿಸಬಲ್ಲದು

1951ರ ಏಪ್ರಿಲ್ 26. ಅಮೆರಿಕದ ಷಿಕಾಗೋದಲ್ಲಿ ಜನರಲ್ ಡಗ್ಲಾಸ್ ಮೆಕಾರ್ಥರ್ ಅವರ ಮೆರವಣಿಗೆ. ಕೊರಿಯಾ ಯುದ್ಧದ ಈ ಸೇನಾನಾಯಕರನ್ನು ಅಧ್ಯಕ್ಷ ಟ್ರೂಮನ್ ಹುದ್ದೆಯಿಂದ ಕಿತ್ತುಹಾಕಿ ಆಗಿನ್ನೂ ಎರಡು ವಾರ. ಊರಿಗೆ ಊರೇ ಬೀದಿಗಿಳಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಟಿವಿಯಲ್ಲಿ ಕಂಡದ್ದೂ ಅದೇ. ಎಲ್ಲಿ ನೋಡಿದರೂ ಜನ, ನಿಲ್ಲದ ಜೈಕಾರ.

ಕರ್ಟ್ ಲ್ಯಾಂಗ್ ಮತ್ತು ಗ್ಲಾಡಿಸ್ ಲ್ಯಾಂಗ್ ಎಂಬ ಸಮಾಜವಿಜ್ಞಾನಿ ದಂಪತಿ ಅವತ್ತು 31 ಜನ ವೀಕ್ಷಕರನ್ನು ನೇಮಿಸಿದ್ದರು. ಮೆರವಣಿಗೆಯ ದಾರಿಯಲ್ಲಿ ನಿಂತು ಕಂಡದ್ದನ್ನು ಬರೆಯುವುದು ಅವರ ಕೆಲಸ. ಆಮೇಲೆ ಅದನ್ನು ಟಿವಿ ಪ್ರಸಾರದ ಜೊತೆ ಹೋಲಿಸಿದರು. ಎರಡಕ್ಕೂ ತಾಳೆಯೇ ಇರಲಿಲ್ಲ! ಬೀದಿಯಲ್ಲಿದ್ದವರು ಸುಮ್ನೆ ಕಾದು ಬೇಸತ್ತಿದ್ದರು. ಜನರಲ್ ಕಾರು ಸರ್ರನೆ ಹೋಯಿತು, ಅಷ್ಟೆ. ಮನೆಯಲ್ಲೇ ಕೂತು ಟಿವಿ ನೋಡಿದ್ದರೆ ಚೆನ್ನಾಗಿತ್ತು ಅಂತ ಗೊಣಗಿದವರೂ ಇದ್ದರು.

ಹಾಗಾದರೆ ಟಿವಿ ಸುಳ್ಳು ಹೇಳಿತಾ? ಇಲ್ಲ. ಇಲ್ಲೇ ಇರುವುದು ಸ್ವಾರಸ್ಯ. ಒಂದು ಜಾಗದಲ್ಲಿ ನಿಂತವನಿಗೆ ಜೈಕಾರ ಕೇಳುವುದು ಕಾರು ದಾಟುವ ಕೆಲವೇ ಸೆಕೆಂಡು. ಕ್ಯಾಮೆರಾ ಮಾತ್ರ ಕಾರಿನ ಬೆನ್ನು ಬಿಡಲಿಲ್ಲ. ಹಾಗಾಗಿ ನೂರಾರು ಕಡೆಯ ಆ ತುಣುಕು ಸೆಕೆಂಡುಗಳು ಒಂದಕ್ಕೊಂದು ಸೇರಿ, ಮುಗಿಯದ ಸಂಭ್ರಮದಂತೆ ಕಂಡವು. ಜೊತೆಗೆ ಹತ್ತಿರದ ದೃಶ್ಯಗಳು, ಉತ್ಸಾಹ ಉಕ್ಕಿಸುವ ನಿರೂಪಣೆ. ಪ್ರತಿ ಚಿತ್ರವೂ ನಿಜ, ಒಟ್ಟು ಚಿತ್ರ ಮಾತ್ರ ನಿಜವಲ್ಲ.

2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಅಂತ ಕೆಲವು ವಾಹಿನಿಗಳು ಹೇಳಿದವಲ್ಲ, ಅಂಥ ಸುಳ್ಳು ಬೇಗ ಬಯಲಾಗುತ್ತದೆ. ಷಿಕಾಗೋದ ಬಗೆಯದು ಬಯಲಾಗುವುದಿಲ್ಲ. ಬೆಂಗಳೂರಿನ ಬಂದ್ ದಿನ ಯಾವುದೋ ಸರ್ಕಲ್ಲಿನಲ್ಲಿ ಉರಿದ ಒಂದೇ ಟೈರನ್ನು ಮಧ್ಯಾಹ್ನದವರೆಗೂ ಮತ್ತೆ ಮತ್ತೆ ತೋರಿಸಿದರೆ, ವಿದೇಶದಲ್ಲಿರುವ ಮಗ ಗಾಬರಿಯಿಂದ ಫೋನ್ ಮಾಡುತ್ತಾನೆ. ಇತ್ತ ಅಪ್ಪ ಅಂಗಡಿಗೆ ಹೋಗಿ ಹಾಲು ತಂದಿರುತ್ತಾರೆ.

ಇನ್ನು ತೋರಿಸಿದ್ದಾದರೂ ತಲೆಗೆ ಹೋಗುತ್ತದೆಯೇ? ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಪರದೆಯ ಕೆಳಗೆ ಅಕ್ಷರದ ಸಾಲುಗಳು ಓಡುತ್ತಿದ್ದಾಗ, ನೋಡುಗರ ನೆನಪಿನಲ್ಲಿ ಉಳಿದ ಸಂಗತಿಗಳು ಸುಮಾರು ಶೇ. 10ರಷ್ಟು ಕಡಿಮೆಯಾದವು. ನಮ್ಮ ವಾಹಿನಿಗಳಲ್ಲಿ ಸಾಲು ಒಂದೇ ಅಲ್ಲ. ನಾಲ್ಕು ಕಿಟಕಿ, ಎರಡು ಪಟ್ಟಿ, ಮೇಲೆ ಢಂ ಢಂ ಸದ್ದು. ಟಿಆರ್‌ಪಿ ಮೀಟರು ಲೆಕ್ಕ ಹಾಕುವುದು ನಾವು ಎಷ್ಟು ಹೊತ್ತು ಕೂತಿದ್ದೆವು ಅನ್ನುವುದನ್ನು. ಏನು ತಿಳಿಯಿತು ಅಂತ ಕೇಳುವ ಮೀಟರು ಇಲ್ಲ.

ಹಾಗಂತ ಟಿವಿಯನ್ನು ಪೂರ್ತಿ ದೂರುವವನು ನಾನಲ್ಲ. ಯಾವ ಕ್ಷೇತ್ರದಲ್ಲಿ ಯಾರು ಗೆದ್ದರು, ಯಾವ ಜಲಾಶಯಕ್ಕೆ ಎಷ್ಟು ನೀರು ಬಂತು ಎಂಬಂಥ ಸುದ್ದಿಗೆ ಅದನ್ನು ನಂಬುತ್ತೇನೆ. ಎಷ್ಟು ಜನ ಸೇರಿದ್ದರು, ಊರು ಎಷ್ಟು ಕೆರಳಿದೆ ಎಂಬ ವಿಷಯ ಬಂದಾಗ ಮಾತ್ರ ದೂರದಿಂದ ತೆಗೆದ ಒಂದು ದೃಶ್ಯಕ್ಕೆ ಕಾಯುತ್ತೇನೆ. ಅದು ಬರುವುದು ಬಹಳ ಅಪರೂಪ.